ಹಿಮ ಬೀಳುವ ಮುನ್ನ: ಕಾಶ್ಮೀರದ ಮನೆಯ ಉಗ್ರಾಣ

ಬೇಸಗೆಯ ಬಿಸಿಲಿನಲ್ಲಿ ಹಪ್ಪಳ ಸಂಡಿಗೆಗಳನ್ನು ಒಣಗಿಸಿ, ಉಪ್ಪಿನಕಾಯಿಯ ಜಾಡಿಗಳಿಗೆ ಬಟ್ಟೆ ಕಟ್ಟಿ, ಮಲೆನಾಡಾದರೆ ಸೌದೆಯನ್ನೂ ಕೊಟ್ಟಿಗೆಗೆ ಸೇರಿಸಿ, ಆಷಾಢದ ಮಳೆ ಹಿಡಿದುಕೊಂಡರೂ ಒಲೆ ಆರದಂತೆ ನೋಡಿಕೊಳ್ಳುವುದು ನಮ್ಮ ಹೆಂಗಸರ ಹಳೆಯ ವಾಡಿಕೆ. ಆದರೆ ಮಳೆ ಎಷ್ಟು ಹೊಯ್ದರೂ ನಮ್ಮಲ್ಲಿ ಸಂತೆ ಒಂದು ವಾರ ತಪ್ಪೀತು, ಎರಡು ವಾರ ತಪ್ಪೀತು, ತಿಂಗಳುಗಟ್ಟಲೆ ತಪ್ಪುವುದಿಲ್ಲ. ದಾರಿಗಳೇ ಹಿಮದಡಿಯಲ್ಲಿ ಹೂತುಹೋಗುವ ನಾಡಿನಲ್ಲಿ ಮನೆಯ ಉಗ್ರಾಣಕ್ಕೆ ಬೇರೆಯೇ ಒಂದು ಚರಿತ್ರೆಯುಂಟು. ರಾಜರ ಪಟ್ಟಾಭಿಷೇಕಗಳನ್ನು ಎಣಿಸುವ ಗ್ರಂಥಗಳಲ್ಲಿ ಅದಕ್ಕೆ ಸ್ಥಳ ದೊರೆಯುವುದು ಅಪರೂಪ. ಆದರೂ ಕಾಶ್ಮೀರದ ಚರಿತ್ರೆಯ ಕೆಲವು ದೊಡ್ಡ ದುಃಖಗಳು ಈ ಉಗ್ರಾಣದ ಬಾಗಿಲಿನಲ್ಲಿಯೇ ನಡೆದಿವೆ.

ಕಾಶ್ಮೀರದ ಕಣಿವೆಯು ಸಮುದ್ರಮಟ್ಟದಿಂದ ೫,೦೦೦ ಅಡಿಗೂ ಮೇಲೆ, ಸುತ್ತಲೂ ಪರ್ವತಗಳಿರುವ ಒಂದು ಬಟ್ಟಲಿನಂತಿದೆ. ಬಾರಾಮುಲ್ಲಾದ ಬಳಿ ಝೀಲಂ ನದಿ ಕೊರೆದುಕೊಂಡು ಹೊರಟ ಕಂಡಿಯೊಂದನ್ನು ಬಿಟ್ಟರೆ, ಒಳಗೆ ಬರುವವರೂ ಹೊರಗೆ ಹೋಗುವವರೂ ಎತ್ತರದ ಕಣಿವೆಮಾರ್ಗಗಳನ್ನೇ ಹತ್ತಬೇಕಾಗಿದ್ದಿತು. ಅಲ್ಲಿಯ ಜನ ಚಳಿಗಾಲವನ್ನು ಲೆಕ್ಕ ಹಾಕಿ ಹೆಸರಿಟ್ಟಿದ್ದಾರೆ. ಡಿಸೆಂಬರ್ ೨೧ರಿಂದ ೪೦ ದಿನ ಚಿಲ್ಲೈ ಕಲಾನ್, ಎಂದರೆ ದೊಡ್ಡ ಚಳಿ. ಅದರ ಹಿಂದೆ ೨೦ ದಿನ ಚಿಲ್ಲೈ ಖುರ್ದ್, ಸಣ್ಣ ಚಳಿ. ಕೊನೆಗೆ ೧೦ ದಿನ ಚಿಲ್ಲೈ ಬಚ್ಚಾ, ಮರಿಚಳಿ. ಹೀಗೆ ೭೦ ದಿನಗಳ ಗಡುವನ್ನು ಪಂಚಾಂಗವೇ ಗೊತ್ತುಮಾಡಿಟ್ಟಿರುವಾಗ, ಗೃಹಿಣಿಯ ಕೆಲಸ ಶ್ರಾವಣ ಭಾದ್ರಪದಗಳಲ್ಲಿಯೇ ಮೊದಲಾಗುವುದು ಸಹಜವಷ್ಟೆ.

ಆ ಕೆಲಸದ ಸೊಗಸನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಸೋರೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಬದನೆಕಾಯಿಯನ್ನು ಉದ್ದುದ್ದ ಸೀಳಿ, ಟರ್ನಿಪ್ ಗಡ್ಡೆಯನ್ನು ಹೆಚ್ಚಿ, ದಾರದಲ್ಲಿ ಪೋಣಿಸಿ, ಸೂರಿಗೂ ಕಿಟಕಿಗೂ ಹಾರದಂತೆ ತೂಗುಬಿಡುವರು. ಅಮೆರಿಕಾ ಖಂಡದಿಂದ ನಮ್ಮ ದೇಶಕ್ಕೆ ತಡವಾಗಿ ಬಂದ ಟೊಮಾಟೊ ಹಣ್ಣೂ ಮೆಣಸಿನಕಾಯಿಯೂ ಈ ಹಾರಗಳ ಸಾಲಿಗೆ ಸೇರಿಕೊಂಡವು. ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಸೊಪ್ಪುಗಳನ್ನೂ ಒಣಗಿಸುವುದುಂಟು. ಸರೋವರದ ಮೀನನ್ನು ಹೊಗೆಯಲ್ಲಿ ಕಾಯಿಸಿ ಕೆಡದಂತೆ ಮಾಡುವುದೂ ಉಂಟು. ಇಂತಹ ಒಣ ತರಕಾರಿಗಳಿಗೆಲ್ಲ ಹೊಖ್ ಸ್ಯುನ್ ಎಂಬುದು ಒಟ್ಟು ಹೆಸರು. ಮೆಣಸಿನಪುಡಿಗೆ ಮಸಾಲೆಯ ಸಾಮಗ್ರಿಗಳನ್ನು ಕೂಡಿಸಿ, ನಾದಿ, ನಡುವೆ ತೂತಿರುವ ಬಿಲ್ಲೆಗಳಾಗಿ ತಟ್ಟಿ ಒಣಗಿಸಿಡುವುದಕ್ಕೆ ವೇರ್ ಎನ್ನುವರು. ಪಂಡಿತರ ಮನೆಯಲ್ಲಿ ಅದಕ್ಕೆ ಇಂಗು, ಮುಸಲ್ಮಾನರ ಮನೆಯಲ್ಲಿ ಬೆಳ್ಳುಳ್ಳಿ. ಮೂಲಂಗಿ, ಆಲೂಗಡ್ಡೆಗಳನ್ನು ಹಿತ್ತಲಿನಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚಿಡುವರು. ನಮ್ಮ ರಾಗಿಯ ಹಗೇವನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಶರತ್ಕಾಲದಲ್ಲಿ ಉದುರಿದ ಚಿನಾರ್ ಎಲೆಗಳನ್ನು ಗುಡಿಸಿ, ಸುಟ್ಟು, ಬೂದಿಯಾಗುವ ಮುನ್ನ ನೀರು ಚಿಮುಕಿಸಿ ಇದ್ದಲು ಮಾಡಿಟ್ಟುಕೊಳ್ಳುವರು. ಅಂಗಿಯ ಒಳಗೆ ಹಿಡಿದುಕೊಳ್ಳುವ ಕಾಂಗ್ಡಿ ಎಂಬ ಅಗ್ಗಿಷ್ಟಿಕೆಗೆ ಅದೇ ಆಹಾರ. ಬೀದಿಯ ಕಸವೂ ಉಗ್ರಾಣವನ್ನು ಸೇರುವುದೆಂದ ಮೇಲೆ ಆ ಗೃಹಿಣಿಯರ ಜಾಣ್ಮೆಗೆ ಬೇರೆ ಪ್ರಮಾಣವೇಕೆ?

ಇಷ್ಟೆಲ್ಲ ಇದ್ದರೂ ಅನ್ನಕ್ಕೆ ಬತ್ತ ಬೇಕಲ್ಲವೆ? ಬತ್ತಕ್ಕೆ ಅವರು ಇಂದಿಗೂ ಶಾಲಿ ಎನ್ನುತ್ತಾರೆ. ನಮ್ಮ ಹಳೆಯ ಕಾವ್ಯಗಳನ್ನು ಓದಿದವರಿಗೆ ಆ ಮಾತು ನೆಂಟನಂತೆ ಕಾಣುವುದು. ಆದರೆ ಶಾಲಿಯ ಮೇಲಿನ ಅಧಿಕಾರ ಗೃಹಿಣಿಯದಾಗಿರಲಿಲ್ಲ, ರೈತನದೂ ಆಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಂದಾಯವನ್ನು ಬಹುಮಟ್ಟಿಗೆ ಧಾನ್ಯರೂಪದಲ್ಲಿಯೇ ಎತ್ತುತ್ತಿದ್ದರು. ಸರ್ಕಾರದ ಪಾಲನ್ನು ಬೇರ್ಪಡಿಸುವವರೆಗೆ ರೈತನು ತನ್ನ ಪೈರನ್ನು ಮುಟ್ಟದಂತೆ ಕಾಯುವುದಕ್ಕೆಂದೇ ಶಕ್ದಾರ್ ಎಂಬ ಕಾವಲುಗಾರರಿದ್ದರು. ಮಹಾರಾಜ ರಣಬೀರ್ ಸಿಂಗರ ಆಳಿಕೆಯಲ್ಲಿ, ೧೮೭೭ರ ಶರತ್ಕಾಲದಲ್ಲಿ, ಅಕಾಲದ ಮಳೆ ಹಿಡಿಯಿತು. ಪೈರನ್ನು ಒಡನೆಯೇ ಕೊಯ್ದು ಒಳಗೆ ಹಾಕಿದ್ದರೆ ಬಹುಭಾಗ ಉಳಿಯುತ್ತಿದ್ದಿತು. ಆದರೆ ಅಳತೆಯಾಗಿರಲಿಲ್ಲ, ಅಪ್ಪಣೆ ಬಂದಿರಲಿಲ್ಲ. ಬೆಳೆ ಗದ್ದೆಯಲ್ಲಿಯೇ ಕೊಳೆಯಿತು. ಬರಿದಾದ ಕಣಜಗಳ ಮೇಲೆ ಹಿಮ ಬಿದ್ದಿತು. ೧೮೭೯ರವರೆಗೆ ನಡೆದ ಆ ಕ್ಷಾಮದಲ್ಲಿ ಶ್ರೀನಗರದ ಜನಸಂಖ್ಯೆ ಅರ್ಧದಷ್ಟಕ್ಕೆ ಇಳಿಯಿತೆಂದು ವಾಲ್ಟರ್ ಲಾರೆನ್ಸನು ೧೮೯೫ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ. ಅದೇ ವರ್ಷಗಳಲ್ಲಿ ನಮ್ಮ ಮೈಸೂರು ದೇಶವೂ ಕ್ಷಾಮದಿಂದ ಬೆಂದುಹೋದುದನ್ನು ಬಲ್ಲೆವು; ಆದರೆ ಇಲ್ಲಿ ಮಳೆ ಬಾರದೆ ಪೈರು ಒಣಗಿತು, ಅಲ್ಲಿ ಬೆಳೆದು ನಿಂತ ಪೈರು ಅಪ್ಪಣೆಯಿಲ್ಲದೆ ಕೊಳೆಯಿತು.

ಲಾರೆನ್ಸನು ೧೮೮೯ರಿಂದ ಆ ಸಂಸ್ಥಾನದ ಕಂದಾಯ ನಿಷ್ಕರ್ಷೆಯ ಅಧಿಕಾರಿಯಾಗಿದ್ದವನು. ಅವನು ಕಂಡ ಮತ್ತೊಂದು ಸಂಗ್ರಹಣದ ಕಥೆ ಇನ್ನೂ ಕಠೋರವಾದುದು. ಉತ್ತರದ ಗಡಿಯಲ್ಲಿ ಗಿಲ್ಗಿತ್ತಿನ ಕಾವಲು ಪಡೆಗೆ ಚಳಿಗಾಲದ ಧಾನ್ಯವನ್ನು ಬೇಸಗೆಯಲ್ಲಿಯೇ ಮುಟ್ಟಿಸಬೇಕಾಗಿದ್ದಿತು. ದಾರಿ ಶ್ರೀನಗರದಿಂದ ೨೦೦ ಮೈಲಿಗೂ ಹೆಚ್ಚು. ನಡುವೆ ೧೩,೦೦೦ ಅಡಿಗೂ ಎತ್ತರವಾದ ಬುರ್ಜಿಲ್ ಕಣಿವೆ, ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರತಕ್ಕದ್ದು. ಹೊರೆ ಹೊರುವುದಕ್ಕೆ ಹಳ್ಳಿಗರನ್ನು ಬಿಟ್ಟಿಗೆ ಹಿಡಿದು ತರುತ್ತಿದ್ದರು. ತಮ್ಮ ಗದ್ದೆಯಲ್ಲಿ ಕೆಲಸವಿರುವ ತಿಂಗಳುಗಳಲ್ಲಿ ಪರರ ಉಗ್ರಾಣವನ್ನು ತುಂಬಲು ಹೊರಟ ಆ ಜನರಲ್ಲಿ ಹಿಮದಲ್ಲಿಯೂ ಹಸಿವಿನಲ್ಲಿಯೂ ಮಡಿದವರು ಅನೇಕರು. ಲಾರೆನ್ಸನ ವ್ಯವಸ್ಥೆಯಿಂದ ಕಂದಾಯ ನಿಗದಿಯಾಗಿ, ಬಿಟ್ಟಿಯ ಕಾಟ ತಗ್ಗಿತು; ಗಿಲ್ಗಿತ್ತಿಗೆ ಹೇಸರಗತ್ತೆಗಳು ನಡೆಯುವಂತಹ ರಸ್ತೆಯೂ ಆಯಿತು. ವಿದೇಶೀ ಅಧಿಕಾರಿಗಳ ವಿಷಯದಲ್ಲಿ ನಾವು ಹೊಗಳಿಕೆಯ ಮಾತನ್ನು ಅಳೆದೇ ಆಡಬೇಕು. ಇವನಿಗೆ ಸಲ್ಲಬೇಕಾದುದು ಮಾತ್ರ ಸಲ್ಲಲಿ.

ಒಣಗಿಸಿ ಇಡಲಾರದ, ಹಿತ್ತಲಿನಲ್ಲಿ ಬೆಳೆಯಲಾರದ ಪದಾರ್ಥ ಒಂದಿದ್ದಿತು. ಅದು ಉಪ್ಪು. ಕಾಶ್ಮೀರಿಗಳು ಚಹಾವನ್ನೂ ಉಪ್ಪು ಹಾಕಿಯೇ ಕುಡಿಯುವವರು. ನೂನ್ ಚಾಯ್ ಇಲ್ಲದೆ ಅವರಿಗೆ ಬೆಳಗಾಗದು. ಆ ಉಪ್ಪು ಪಂಜಾಬಿನ ಗಣಿಗಳಿಂದ ಬರತಕ್ಕದ್ದು. ೧೮೯೦ರ ವೇಳೆಗೆ ಝೀಲಂ ಕಣಿವೆಯಲ್ಲಿ ಗಾಡಿರಸ್ತೆ ಬಾರಾಮುಲ್ಲಾವನ್ನು ಮುಟ್ಟಿತು. ಅಂದಿನಿಂದ ರಾವಲ್ಪಿಂಡಿಯೇ ಕಾಶ್ಮೀರದ ಅಂಗಡಿಬೀದಿಯಾಯಿತೆಂದರೂ ತಪ್ಪಲ್ಲ. ಜಮ್ಮುವಿನಿಂದ ಬನಿಹಾಲ್ ಕಣಿವೆಯ ಮೇಲೆ ಬಂದ ರಸ್ತೆ ೧೯೨೨ರಲ್ಲಿ ಸಾರ್ವಜನಿಕರಿಗೆ ತೆರೆಯಿತಾದರೂ, ಸುಮಾರು ೯,೦೦೦ ಅಡಿ ಎತ್ತರದ ಆ ದಾರಿಯನ್ನು ಹಿಮ ಮುಚ್ಚುತ್ತಿದ್ದಿತು. ಹೀಗಿರಲು ೧೯೪೭ರ ಶರತ್ಕಾಲ ಬಂದಿತು. ಪಶ್ಚಿಮದಿಂದ ಬರಬೇಕಾದ ಉಪ್ಪು, ಸಕ್ಕರೆ, ಸೀಮೆಎಣ್ಣೆ, ಪೆಟ್ರೋಲುಗಳು ನಿಂತುಹೋದುವೆಂದು ಮಹಾರಾಜರ ಸರ್ಕಾರವು ಪಾಕಿಸ್ತಾನಕ್ಕೆ ದೂರಿಕೊಂಡಿತು. ಅಕ್ಟೋಬರ್ ೨೨ರಂದು ಅದೇ ರಸ್ತೆಯಲ್ಲಿ ದಾಳಿಕಾರರು ಬಂದರು. ೨೭ರಂದು ಭಾರತದ ಸೈನ್ಯ ವಿಮಾನಗಳಲ್ಲಿ ಶ್ರೀನಗರಕ್ಕೆ ಇಳಿಯಿತು. ಯುದ್ಧದ ಚರಿತ್ರೆ ಹೇಳುವವರು ಇಲ್ಲಿಂದ ಮುಂದೆ ಸೇನೆಗಳ ಹಿಂದೆ ಹೋಗುತ್ತಾರೆ. ಮನೆಗಳಲ್ಲಿ ಒಣ ಸೋರೆಯ ಹಾರಗಳು ತೂಗುತ್ತಿದ್ದು ಉಪ್ಪಿನ ಗಡಿಗೆ ಬರಿದಾಗಿದ್ದುದನ್ನು ಹೇಳುವವರು ಕಡಿಮೆ.

ಮರುವರ್ಷದ ಚಳಿಗಾಲಕ್ಕೆ ಮುನ್ನ ಅಂತಹುದೇ ಭಯ ಲಡಾಖಿಗೂ ಬಂದಿತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ೧೧,೫೦೦ ಅಡಿಯ ಝೋಜಿ ಲಾ ಕಣಿವೆ ಶತ್ರುಗಳ ವಶವಾಗಿದ್ದಿತು. ಮೇ ೨೪ರಂದು ಮೆಹರ್ ಸಿಂಗರು ಲೇಹ್‌ನಲ್ಲಿ ಮೊದಲ ವಿಮಾನವನ್ನು ಇಳಿಸಿದಾಗ ಅದರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರೂ ಇದ್ದರು. ವಿಮಾನಗಳು ತರಬಲ್ಲುದಕ್ಕೆ ಮಿತಿಯುಂಟಷ್ಟೆ. ಹಿಮ ಬಿದ್ದು ದಾರಿ ಮುಚ್ಚುವುದರೊಳಗಾಗಿ ಕಣಿವೆ ಕೈಸೇರದಿದ್ದರೆ ಲೇಹ್ ಇನ್ನೊಂದು ಚಳಿಗಾಲವನ್ನು ಒಂಟಿಯಾಗಿ ಕಳೆಯಬೇಕಾಗಿದ್ದಿತು. ೧೯೪೮ರ ನವೆಂಬರ್ ೧ರಂದು ತಿಮ್ಮಯ್ಯನವರು ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿ ಕಣಿವೆಯನ್ನು ಗೆದ್ದರು. ಆ ತಿಂಗಳು ಮುಗಿಯುವುದರೊಳಗಾಗಿ ಕಾರ್ಗಿಲ್ ಕೈಸೇರಿ ಲೇಹ್‌ನ ಸಂಪರ್ಕ ಕೂಡಿಬಂದಿತು.

೧೯೫೬ರಲ್ಲಿ ಬನಿಹಾಲಿನ ಕೆಳಗೆ ಜವಾಹರ್ ಸುರಂಗ ತೆರೆಯಿತು. ೨೦೨೫ರ ಜೂನಿನಲ್ಲಿ ಕಟ್ರಾದಿಂದ ಶ್ರೀನಗರಕ್ಕೆ ರೈಲೂ ಬಂದಿತು. ಆದರೂ ಹಿಮವೋ ಭೂಕುಸಿತವೋ ಹೆದ್ದಾರಿಯನ್ನು ಕಟ್ಟಿಹಾಕಿದ ದಿನ ಶ್ರೀನಗರದ ಪೇಟೆಯಲ್ಲಿ ಹಸಿ ತರಕಾರಿಯ ಬೆಲೆ ಏರುತ್ತದೆ. ಮನೆಯೊಡತಿ ಅಟ್ಟದಿಂದ ಒಣ ಬದನೆಯ ಹಾರವನ್ನು ಇಳಿಸಿ ಬಿಸಿನೀರಿನಲ್ಲಿ ನೆನೆಹಾಕುತ್ತಾಳೆ.