ಒಂದು ಸೆಕೆಂಡಿನ ಸಾಲ

ನಮ್ಮಜ್ಜಿಗೆ ಗಡಿಯಾರವೆಂದರೆ ಅಷ್ಟಕ್ಕಷ್ಟೆ. ಮಂಗಳೂರಿನ ಮನೆಯ ಅಂಗಳದಲ್ಲಿ ತುಳಸಿಕಟ್ಟೆಯ ನೆರಳು ತೀರ ಗಿಡ್ಡವಾದಾಗಲೇ ಅವರಿಗೆ ಮಧ್ಯಾಹ್ನ. ಗೋಡೆಯ ಗಡಿಯಾರ ಆಗ ಹನ್ನೆರಡೂವರೆಯ ಆಸುಪಾಸಿನಲ್ಲಿರುತ್ತಿತ್ತು. "ಗಡಿಯಾರಕ್ಕೆ ಅವಸರ ಮಗಾ, ಸೂರ್ಯನಿಗೆ ಇಲ್ಲ" ಎನ್ನುತ್ತಿದ್ದರು. ನಿಜವೇ. ದೇಶದ ಗಡಿಯಾರ ನಂಬಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು. ನಮ್ಮ ಕರಾವಳಿಯ ನೆತ್ತಿಗೆ ಅವನು ಬರುವಾಗ ಸರಾಸರಿ ಅರ್ಧ ಗಂಟೆ ತಡ.

ಅಜ್ಜಿ ಮತ್ತೆ ನೆನಪಾದದ್ದು 2017ರ ಜನವರಿ 1ರ ನಸುಕಿನಲ್ಲಿ. ಐದೂವರೆ ಬಡಿಯುವ ಮುನ್ನ ಲೋಕದ ಸಮಯಕ್ಕೆ ಒಂದು ಸೆಕೆಂಡು ಸೇರುವುದೆಂದು ಪತ್ರಿಕೆಯಲ್ಲಿ ಓದಿ, ಹಾಲು ಕಾಯಿಸುತ್ತಾ ಕಾದಿದ್ದೆ. ಸೇರಿತು; ನನಗೆ ಗೊತ್ತೂ ಆಗಲಿಲ್ಲ.

ಈ ಸೆಕೆಂಡಿಗೊಂದು ಕಥೆಯಿದೆ. 1955ರಲ್ಲಿ ಇಂಗ್ಲೆಂಡಿನಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಸೀಸಿಯಂ ಪರಮಾಣು ಗಡಿಯಾರ ನಡೆಸಿದರು. ಅದರ ಮುಂದೆ ನಮ್ಮ ಭೂಮಿಯೇ ಹದತಪ್ಪಿದ ಗಡಿಯಾರ! ಆದರೆ ನಕ್ಷತ್ರ ನೋಡಿ ದಾರಿ ಹಿಡಿಯುವ ನಾವಿಕರಿಗೆ ಭೂಮಿಯ ಸಮಯವೇ ಬೇಕು. ಹಾಗಾಗಿ ಮೊದಲು ಸೆಕೆಂಡನ್ನೇ ತುಸು ಹಿಗ್ಗಿಸಿದರು. 1966ರಿಂದ 1971ರವರೆಗೆ ಹೀಗೆ ದಿನಕ್ಕೆ ಸುಮಾರು 2.6 ಮಿಲಿಸೆಕೆಂಡು ಹೊಂದಿಸಿದರು. ಅದಕ್ಕೆ 'ರಬ್ಬರ್ ಸೆಕೆಂಡು' ಎಂದೇ ಹೆಸರಾಯಿತು. ಅಕ್ಕಿ ಅಳೆಯುವ ಸೇರೇ ಹಿಗ್ಗಿದರೆ ಲೆಕ್ಕ ಹೇಗೆ ನಿಂತೀತು? 1972ರಿಂದ ಸೇರು ಸ್ಥಿರವಾಯಿತು. ಬೇಕಾದಾಗ ಒಂದಿಡೀ ಸೆಕೆಂಡು ಸೇರಿಸುವ ಪದ್ಧತಿ ಬಂತು. 2016ರ ಕೊನೆಯವರೆಗೆ ಹಾಗೆ ಸೇರಿದ್ದು 27 ಸಲ.

ಅಜ್ಜಿಯ ಪಂಚಾಂಗದಲ್ಲೂ ಅಧಿಕ ಮಾಸವಿದೆ, 19 ವರ್ಷಗಳಿಗೆ ಸುಮಾರು ಏಳು. ಅದನ್ನು ಎಷ್ಟೋ ವರ್ಷ ಮೊದಲೇ ಗುಣಿಸಿಡಬಹುದು. ಅಧಿಕ ಸೆಕೆಂಡು ಹಾಗಲ್ಲ. ಭೂಮಿಯ ತಿರುಗಾಟ ಅಳೆದು ನೋಡಿ, ಸುಮಾರು ಆರು ತಿಂಗಳ ಮುಂಚೆಯಷ್ಟೇ ಪ್ಯಾರಿಸ್‌ನಿಂದ ಸಾರುತ್ತಾರೆ. ಮನುಷ್ಯರು ಗಮನಿಸದ ಆ ಸೆಕೆಂಡಿಗೆ ಕಂಪ್ಯೂಟರುಗಳು ಮುಗ್ಗರಿಸಿದವು; 2012ರಲ್ಲಿ ಹಲವು ಜಾಲತಾಣಗಳೇ ಕೆಟ್ಟು ನಿಂತವು.

ಅದಕ್ಕೇ 2022ರ ನವೆಂಬರಿನಲ್ಲಿ ವರ್ಸೈಲ್ಸ್‌ನಲ್ಲಿ ಸೇರಿದ ದೇಶಗಳು ಒಂದು ತೀರ್ಮಾನಕ್ಕೆ ಬಂದವು. ಗಡಿಯಾರಕ್ಕೂ ಭೂಮಿಗೂ ನಡುವೆ ಈಗ 0.9 ಸೆಕೆಂಡಿಗಿಂತ ಹೆಚ್ಚು ಅಂತರವಾಗಲು ಬಿಡುವುದಿಲ್ಲ. 2035ರೊಳಗೆ ಆ ಮಿತಿಯನ್ನು ಸಡಿಲಿಸಬೇಕು; ಕನಿಷ್ಠ ನೂರು ವರ್ಷ ಸಮಯ ಅಡೆತಡೆಯಿಲ್ಲದೆ ಸಾಗಬೇಕು.

ಅರ್ಧ ಗಂಟೆಯ ವ್ಯತ್ಯಾಸದೊಡನೆ ಬಾಳಿದ ನಮಗೆ ಇದೇನು ಮಹಾ ಎನ್ನಬಹುದು. ಆದರೆ ಆ ಅರ್ಧ ಗಂಟೆ ನಿಂತಲ್ಲೇ ನಿಂತದ್ದು, ಇದು ಬೆಳೆಯುವಂಥದ್ದು. ತಿಂಗಳು ತಿಂಗಳು ತೀರಿಸುವ ಹಾಲಿನ ಲೆಕ್ಕ ಕಿರಿಕಿರಿಯೇ, ಒಪ್ಪಿದೆ. ಮುಂದೂಡಿದರೆ ತೀರಿಸುವವರು ಬೇರೆಯವರು. ಮುಂದೂಡಿ, ಬೇಡವೆನ್ನುವುದಿಲ್ಲ. ಆದರೆ ಸೂರ್ಯನಿಗೆ ಇಷ್ಟು ಬಾಕಿಯಿದೆಯೆಂದು ಮೊಮ್ಮಕ್ಕಳಿಗೆ ಕಾಣುವಂತೆ ಬರೆದಿಟ್ಟಿರಬೇಕು.