ಹೊಸ ತಂತ್ರಾಂಶಗಳೂ ಕನ್ನಡದ ಅಕ್ಷರವೂ

ಹೊಸ ಸಾಧನವೊಂದು ಬಂದಾಗ ಜನರು ಅದನ್ನು ಎರಡು ಬಗೆಯಾಗಿ ಎದುರುಗೊಳ್ಳುವುದು ವಾಡಿಕೆ. ಕೆಲವರು ಹಿಗ್ಗಿ ಮುನ್ನುಗ್ಗುತ್ತಾರೆ. ಕೆಲವರು ಮೂಗುಮುರಿದು ದೂರ ನಿಲ್ಲುತ್ತಾರೆ. ಕಳೆದ ಮೂರು ದಶಕಗಳಲ್ಲಿ ಕಂಪ್ಯೂಟರು, ಇಂಟರ್ನೆಟ್ಟು, ಮೊಬೈಲುಗಳ ಮೂಲಕ ಒಂದರ ಹಿಂದೊಂದು ಬಂದ ತಂತ್ರಾಂಶಗಳಿಗೂ ಸೇವೆಗಳಿಗೂ ಈ ಎರಡು ಬಗೆಯ ಸ್ವಾಗತ ದೊರೆತಿದೆ. ಆದರೆ ಕನ್ನಡಿಗರಲ್ಲಿ ಕೆಲವರು ಮೂರನೆಯ ದಾರಿ ಹಿಡಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದರಲ್ಲಿ ಕನ್ನಡವಿದೆಯೇ?” ಇಲ್ಲವೆಂದು ತಿಳಿದಾಗ ಗೊಣಗಿ ಸುಮ್ಮನಾಗದೆ ತಾವೇ ಕೆಲಸಕ್ಕೆ ಕೈಹಾಕಿದರು. ಆ ಪ್ರಶ್ನೆಯ ಚರಿತ್ರೆಯನ್ನು ರಾಜ್ಯೋತ್ಸವದ ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಏಕೆಂದರೆ ಅದರಲ್ಲಿ ಹೊರನಾಡ ಕನ್ನಡಿಗರ ಪಾಲು ಚಿಕ್ಕದಲ್ಲ.

ಕನ್ನಡದ ಅಕ್ಷರ ಊರುಬಿಟ್ಟು ಹೊಸ ಯಂತ್ರವನ್ನು ಹೊಕ್ಕದ್ದು ಇದೇ ಮೊದಲಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಶ್ರೀರಾಮಪುರದಲ್ಲಿ. ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಟದ್ದು 1843ರ ಜುಲೈ 1ರಂದು. ಓಲೆಗರಿಗೆ ಒಗ್ಗಿದ್ದ ದುಂಡು ಅಕ್ಷರಗಳು ಆ ಕಾಲದಲ್ಲಿ ಕಲ್ಲಚ್ಚಿಗೂ ಸೀಸದ ಮೊಳೆಗಳಿಗೂ ಒಗ್ಗಿಕೊಂಡುವು. ಕಂಪ್ಯೂಟರಿನ ಮುಂದೆ ಅವಕ್ಕೆ ಮತ್ತೆ ಅಂಥದೇ ಪರೀಕ್ಷೆ ಬಂದಿತು.

ಈ ಯಂತ್ರ ಹುಟ್ಟಿದ್ದು ಇಂಗ್ಲಿಷಿನ ಮನೆಯಲ್ಲಿ. ಇಪ್ಪತ್ತಾರು ಅಕ್ಷರಗಳನ್ನು ಸಾಲಾಗಿ ಜೋಡಿಸುವುದು ಅದಕ್ಕೆ ಸುಲಭ. ಆದರೆ ಕಾಗುಣಿತ ಮತ್ತು ಒತ್ತಕ್ಷರಗಳಿಂದ ನೂರಾರು ರೂಪ ತಾಳುವ ನಮ್ಮ ಲಿಪಿಯನ್ನು ಅಷ್ಟೇ ಕೀಲಿಗಳಲ್ಲಿ ಹಿಡಿಸುವುದು ಹೇಗೆ? ಮಂಗಳೂರಿನ ಬಳಿಯ ಕಿನ್ನಿಕಂಬಳದಿಂದ ಬಂದು ಮುಂಬಯಿಯಲ್ಲಿ ದುಡಿದ ಕೆ. ಪಿ. ರಾಯರು ಇದಕ್ಕೆ ಸರಳವಾದ ಉತ್ತರ ಕೊಟ್ಟರು. ಸಿದ್ಧರೂಪಗಳನ್ನೆಲ್ಲ ಕೀಲಿಮಣೆಯ ಮೇಲೆ ತುಂಬುವ ಬದಲು ಸ್ವರ, ವ್ಯಂಜನಗಳನ್ನು ಮಾತ್ರ ಒತ್ತಿದರೆ ಸಾಕು. ಕೂಡಿಸಿ ಬರೆಯುವ ಹೊಣೆ ಯಂತ್ರದ್ದು. ನಾವು ಶಾಲೆಯಲ್ಲಿ ಕಲಿತ ವ್ಯಾಕರಣವೂ ಇದನ್ನೇ ಹೇಳುತ್ತದಲ್ಲವೇ! ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ರಾಯರು ತಂತ್ರಾಂಶ ರಚಿಸಿ ಜನರ ಕೈಗೆ ಕೊಟ್ಟರು. ಅವರ ಕೀಲಿಮಣೆಯ ಕ್ರಮವೇ ಮುಂದೆ ಕರ್ನಾಟಕ ಸರಕಾರದ ಮಾನ್ಯತೆ ಪಡೆದ ವಿನ್ಯಾಸಕ್ಕೆ ಆಧಾರವಾಯಿತು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ಆರಂಭಿಸಿತು. ಮುಂಬಯಿ, ದೆಹಲಿ, ಮದ್ರಾಸುಗಳಂಥ ಮಹಾನಗರಗಳ ಜನ ಈ ಅದ್ಭುತವನ್ನು ಕಂಡು ಬೆರಗಾದರು. ಕ್ಷಣಮಾತ್ರದಲ್ಲಿ ಓಲೆ ಸಮುದ್ರ ದಾಟುತ್ತಿತ್ತು. ಆದರೆ ಅದು ಇಂಗ್ಲಿಷಿನ ಓಲೆ. “ಅಮ್ಮನಿಗೆ ನಮಸ್ಕಾರ” ಎಂಬುದನ್ನೂ ರೋಮನ್ ಅಕ್ಷರದಲ್ಲಿಯೇ ಬರೆಯಬೇಕಾಗಿತ್ತು. ಈ ಕೊರತೆಯನ್ನು ನೀಗಿದವರಲ್ಲಿ ಶೇಷಾದ್ರಿವಾಸು ಅವರ ಹೆಸರು ಮುಖ್ಯ. ಅಮೆರಿಕದಲ್ಲಿದ್ದ ಅವರು 1998ರಲ್ಲಿ ‘ಬರಹ’ವನ್ನು ಹೊರತಂದರು. ಇಂಗ್ಲಿಷ್ ಕೀಲಿಗಳನ್ನು ಉಚ್ಚಾರಕ್ಕೆ ಅನುಸಾರವಾಗಿ ಒತ್ತಿದರೆ ತೆರೆಯ ಮೇಲೆ ಕನ್ನಡ ಮೂಡುತ್ತಿತ್ತು. ಬೆರಳಚ್ಚು ಕಲಿಯದ ಗೃಹಿಣಿಯೂ ನಿವೃತ್ತ ಗುಮಾಸ್ತರೂ ಕನ್ನಡದಲ್ಲಿ ಬರೆಯತೊಡಗಿದರು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದು ಕಚೇರಿಗಳಲ್ಲಿ ನೆಲೆಗೊಂಡಿತು.

ಆದರೆ ಈ ಸಂತೋಷದಲ್ಲೊಂದು ಕುಂದು ಅಡಗಿತ್ತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಮೊದಲಾದ ಚಿಹ್ನೆಗಳಿಗೆ ಮೀಸಲಾದ 256 ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದುವು. ಬರೆದವರ ಫಾಂಟು ಓದುವವರಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದುವು. ಇದಕ್ಕೆ ಪರಿಹಾರ ಯೂನಿಕೋಡ್ ಎಂಬ ಜಾಗತಿಕ ಏರ್ಪಾಡು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಮನೆ ದೊರೆಯಿತು. ನಮ್ಮ ‘ಕ’ಕಾರದ ಸಂಖ್ಯೆ 3221, ತೆಲುಗಿನದು 3093, ತಮಿಳಿನದು 2965. ಯಾವ ಯಂತ್ರಕ್ಕೆ ಹೋದರೂ ಈ ಅಂಕೆ ಬದಲಾಗದು. ಆದರೆ ಮನೆ ದೊರೆತ ಮಾತ್ರಕ್ಕೆ ಒಲೆ ಹೊತ್ತುವುದಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರೊಡನೆ ‘ತುಂಗಾ’ ಎಂಬ ಕನ್ನಡ ಫಾಂಟು ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು.

ಇನ್ನು ದೊಡ್ಡ ಕಂಪೆನಿಗಳ ಸೇವೆಗಳ ಮಾತು. 2004ರ ಏಪ್ರಿಲ್ 1ರಂದು ಗೂಗಲ್ಲು ಜಿಮೇಲನ್ನು ಪ್ರಕಟಿಸಿ ಒಬ್ಬೊಬ್ಬರಿಗೆ ಒಂದು ಗಿಗಾಬೈಟು ಜಾಗ ಕೊಡುವೆನೆಂದಾಗ ಅನೇಕರು ಅದನ್ನು ಏಪ್ರಿಲ್ ಫೂಲ್ ಎಂದೇ ಭಾವಿಸಿದರು. ಆಮೇಲೆ ಆಹ್ವಾನಕ್ಕಾಗಿ ಪರಸ್ಪರ ಅಂಗಲಾಚಿದರು. ಅಂಥ ಉತ್ಸಾಹದ ನಡುವೆ ಕನ್ನಡದ ಸರದಿ ಎಷ್ಟು ನಿಧಾನವಾಗಿ ಬಂದಿತೆಂಬುದನ್ನು ನೋಡಬೇಕು. ಗೂಗಲ್ಲಿನ ಅನುವಾದ ಸೇವೆ ಹೊರಟದ್ದು 2006ರಲ್ಲಿ. ಕನ್ನಡ ಸೇರಿದ್ದು 2011ರಲ್ಲಿ. ಐಫೋನು ಬಂದದ್ದು 2007ರಲ್ಲಿ. ತಯಾರಕರೇ ಅದಕ್ಕೆ ಕನ್ನಡದ ಕೀಲಿಮಣೆ ಒದಗಿಸಿದ್ದು 2017ರಲ್ಲಿ. 2016ರ ಕೊನೆಯಲ್ಲಿ ಅಮೆಜಾನಿನ ಕಿಂಡಲ್ಲಿನಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿದ್ದುವು, ಕನ್ನಡವಿರಲಿಲ್ಲ. ವ್ಯಾಪಾರಿ ಗಿರಾಕಿಯ ಮಾತಿಗೆ ಕಿವಿಗೊಡುತ್ತಾನೆ. ಗಿರಾಕಿಯೇ ಇಂಗ್ಲಿಷಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ಕೊಂಡರೆ ಕನ್ನಡದ ಬೇಡಿಕೆ ಅವನ ಲೆಕ್ಕಕ್ಕೆ ಬರುವುದಾದರೂ ಹೇಗೆ?

ಈ ಚರಿತ್ರೆ ಎರಡನೆಯ ಪ್ರಶ್ನೆಯೊಂದನ್ನೂ ಕಲಿಸುತ್ತದೆ: “ಇಲ್ಲಿ ಬರೆದದ್ದು ನಾಳೆಯೂ ನಮಗೆ ದೊರೆಯುವುದೇ?” ಉಚಿತ ಜಾಲತಾಣಗಳ ತವರಾಗಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಭಾರತೀಯ ತರುಣರು ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಬಾಡಿಗೆಯ ಮನೆಯ ಗೋಡೆಯ ಮೇಲೆ ವಂಶಾವಳಿಯನ್ನು ಬರೆದಿಟ್ಟವರ ಪಾಡು ಅಲ್ಲಿದ್ದವರದಾಯಿತು. ಹಳೆಯ ಫಾಂಟುಗಳಲ್ಲಿ ಉಳಿದಿರುವ ಬರಹದ ಗತಿಯೂ ಹೆಚ್ಚು ಬೇರೆಯಲ್ಲ. ಹೊರನಾಡಿನ ಸಂಘಗಳು ಆ ವರ್ಷಗಳಲ್ಲಿ ಸಿದ್ಧಪಡಿಸಿದ ಸಂಚಿಕೆಗಳ ಕಡತಗಳನ್ನು ಇಂದಿನ ಮೊಬೈಲಿನಲ್ಲಿ ತೆರೆದರೆ ಅವು ಕನ್ನಡವಾಗಿ ಕಾಣದಿರಬಹುದು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳುಂಟು. ಬೇಕಾದದ್ದು ಕುಳಿತು ಮಾಡುವ ಕೈಗಳು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ಇಂಥ ಯಂತ್ರಗಳು ಭಾಷೆಯನ್ನು ಕಲಿಯುವುದು ಮನುಷ್ಯರು ಬರೆದಿಟ್ಟ ಬರಹಗಳನ್ನು ಓದಿ. ಇಂಗ್ಲಿಷಿನ ರಾಶಿ ಬೆಟ್ಟದಷ್ಟು. ಕನ್ನಡದ್ದು ಅದರ ಮುಂದೆ ಅಲ್ಪ. ಯಂತ್ರದ ಕನ್ನಡ ತೊದಲಿದರೆ ನಗುವುದು ಸುಲಭ. ಅದು ಓದಬಲ್ಲ ಒಳ್ಳೆಯ ಕನ್ನಡವನ್ನು ನಾವೆಷ್ಟು ಕೂಡಿಟ್ಟಿದ್ದೇವೆ ಎಂದೂ ಆಗ ಕೇಳಿಕೊಳ್ಳಬೇಕು.

ಹೊರನಾಡಿನ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಆಡುತ್ತಾರೆ, ಆದರೆ ಓದಲಾರರು ಎಂಬ ಕೊರಗನ್ನು ನಾವೆಲ್ಲ ಬಲ್ಲೆವು. ಶಾಲೆಯಲ್ಲಿ ಮರಾಠಿಯೋ ತಮಿಳೋ ತೆಲುಗೋ ಹಿಂದಿಯೋ. ಮನೆಯಲ್ಲಿ ಬಾಯಿಮಾತಿನ ಕನ್ನಡ. ಊರಿನಲ್ಲಿರುವ ಅಜ್ಜಿಗೆ ಮೊಬೈಲಿನಲ್ಲಿ ಕಳಿಸುವ ನಾಲ್ಕು ಸಾಲನ್ನಾದರೂ ಕನ್ನಡದ ಅಕ್ಷರದಲ್ಲಿ ಬರೆಯುವಂತೆ ಮಕ್ಕಳಿಗೆ ಕಲಿಸೋಣ. ಈ ಶ್ರಮ ವಾರಕ್ಕೆ ಅರ್ಧ ಗಂಟೆಗೆ ಮೀರದು. ಸಂಘದ ತರುಣರು ವರ್ಷಕ್ಕೊಂದು ಹಳೆಯ ಸಂಚಿಕೆಯನ್ನಾದರೂ ಯೂನಿಕೋಡಿಗೆ ತರಲಿ. ಕನ್ನಡದಲ್ಲಿ ದೊರೆಯುವ ಸೇವೆಯನ್ನು ಕನ್ನಡದಲ್ಲಿಯೇ ಬಳಸೋಣ. ದೊರೆಯದ ಕಡೆ ವಿನಯದಿಂದ, ಆದರೆ ಬಿಡದೆ ಕೇಳೋಣ. ಹೊಸ ಯಂತ್ರಗಳು ನಾಳೆಯೂ ಬರುತ್ತವೆ. ಅವುಗಳ ಬಾಗಿಲಲ್ಲಿ ಕನ್ನಡಕ್ಕೆ ಸ್ಥಳ ಕೇಳುವವರು ನಮ್ಮ ಮನೆಗಳಿಂದಲೇ ಹೊರಡಬೇಕು.