ಕಂಕುಳಲ್ಲಿ ಹಿಡಿದ ಉಸಿರು

ಮೂಡಲಪಾಯದ ಮುಖವೀಣೆ ಕೇಳಿ ಬೆಳೆದ ಚಿಕ್ಕನಾಯಕನಹಳ್ಳಿಯ ಕಿವಿಗೆ ಸೇನೆಯ ಪೈಪ್ ಬ್ಯಾಂಡ್ ತೀರಾ ಪರಕೀಯವೇನಲ್ಲ. ಎರಡರಲ್ಲೂ ರಾಗ ನುಡಿಯುವುದು ಜೋಡಿ ನಾಲಗೆಯ ಪೀಪಿಯೇ. ಮುಖವೀಣೆಯವರು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡರೆ, ಪೈಪರ್ ಕಂಕುಳಲ್ಲಿ ಚೀಲ ಒತ್ತುತ್ತಾನೆ, ಕುಲುಮೆಯ ತಿದಿಯ ಹಾಗೆ. ಗಾಳಿ ಕಡಿಯದ ಕಾರಣ ಸ್ವರಗಳ ನಡುವೆ ಮೌನಕ್ಕೆ ಜಾಗವಿಲ್ಲ. ಅದೇ ಸ್ವರವನ್ನು ಮತ್ತೆ ನುಡಿಸಲು ಬೆರಳು ಮಿಂಚಿಸಿ ಇನ್ನೊಂದನ್ನು ತಾಕಿಸಿ ಬರಬೇಕು. ಹೆಗಲ ಮೇಲಿನ ಉದ್ದ ಕೊಳವೆಗಳು ಶ್ರುತಿಗೆ. ಸ್ಕಾಟ್ ಪೈಪಿಗೆ ಅವು ಮೂರು. ಐರಿಶ್ ಪಡೆಗಳು ಬಹುಕಾಲ ಎರಡರಲ್ಲೇ ಸುಧಾರಿಸಿದವು.

ಐರ್ಲೆಂಡಿಗೂ ನಮಗೂ ಒಂದು ಎಳೆಯಿದೆ. 1791ರ ಅಕ್ಟೋಬರಿನಲ್ಲಿ ಟಿಪ್ಪುವಿನ ನಂದಿದುರ್ಗವನ್ನು ಹಿಡಿದ ಕಂಪನಿಯ ಮದ್ರಾಸ್ ಯುರೋಪಿಯನ್ ಪಡೆಯೇ ಮುಂದೆ, 1881ರಲ್ಲಿ, ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್‌ನ ಮೊದಲ ಬೆಟಾಲಿಯನ್ ಆಯಿತು. 'ನಂದಿದುರ್ಗ' ಅವರ ಯುದ್ಧಗೌರವಗಳ ಪಟ್ಟಿಯಲ್ಲಿತ್ತು (ಸೋತವರ ಊರು ಗೆದ್ದವರ ಬಿರುದಾಗುವುದು ಹಳೆಯ ಪದ್ಧತಿ). ಐರ್ಲೆಂಡ್ ಬೇರೆಯಾದಾಗ, 1922ರ ಜೂನ್ 12ರಂದು, ಈ ರೆಜಿಮೆಂಟಿನ ಧ್ವಜಗಳು ವಿಂಡ್ಸರ್ ಕೋಟೆ ಸೇರಿದವು. ಜುಲೈ 31ಕ್ಕೆ ಪಡೆಯೇ ಇಲ್ಲವಾಯಿತು. ಆಮೇಲೂ ಪ್ರತಿ ನವೆಂಬರ್ 11ಕ್ಕೆ ಮಾಜಿ ಸೈನಿಕರು ಪದಕ ತೊಟ್ಟು ಡಬ್ಲಿನ್ನಿನಲ್ಲಿ ಸೇರುತ್ತಿದ್ದರು.

ಬ್ರಿಟಿಷರು ಹೋದರೂ ಪೈಪು ನಮ್ಮ ಸೇನೆಯಲ್ಲೇ ಉಳಿಯಿತು. ದೆಹಲಿಯ ವಿಜಯ ಚೌಕದಲ್ಲಿ ಜನವರಿ 29ರ ಸಂಜೆ ಕೇಳಬಹುದು. ಇನ್ನು ಪಡೆ ಬಿಟ್ಟರೂ ಬಿಡದ, ಆ ಡಬ್ಲಿನ್ ಮಾಜಿಗಳಂಥ ಒಡನಾಟದ ಮಾತು: 1780ರಲ್ಲಿ ಹುಟ್ಟಿದ, ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್‌ನವನು ಕನ್ನಡಿಗನಾದರೂ 'ತಂಬಿ'ಯೇ (ತಮಿಳಿನಲ್ಲಿ ತಮ್ಮ), ನಿವೃತ್ತನಾದ ಮೇಲೂ.